ಟರ್ಬೊ ಕಾರಿಗೆ ಚೆಂಡುಹೂವಿನ ಮಾಲೆ

ನಮ್ಮ ಯಜಮಾನರಿಗೆ ಐವತ್ತು ದಾಟಿದ ಮೇಲೆ ವೇಗದ ಹುಚ್ಚು ಹಿಡಿಯಿತು. ವಿಕ್ರೋಳಿಯ ಕಾರ್ಖಾನೆಯೊಂದರ ಕಚೇರಿಯಲ್ಲಿ ದುಡಿಯುತ್ತ, ಡಬ್ಬಿಯಂಥ ಒಂದು ಸಣ್ಣ ಕಾರಿನಲ್ಲಿ ನೆಮ್ಮದಿಯಾಗಿ ಓಡಾಡಿಕೊಂಡಿದ್ದ ಮನುಷ್ಯ, ಒಂದು ದಿನ ಟರ್ಬೊ ಎಂಜಿನ್ನಿನ ಕೆಂಪು ಕಾರು ತಂದು ಬಿಲ್ಡಿಂಗಿನ ಕೆಳಗೆ ನಿಲ್ಲಿಸಿದರು. ಎಷ್ಟು ಸೆಕೆಂಡಿನಲ್ಲಿ ಅದು ಎಷ್ಟು ವೇಗ ಮುಟ್ಟುತ್ತದೆ ಎಂದು ಕೈ ಆಡಿಸುತ್ತ ವಿವರಿಸಿದರು. ಸಂಜೆ ಆಫೀಸು ಬಿಡುವ ಹೊತ್ತಿಗೆ ಪವಾಯಿ ಕೆರೆಯ ಪಕ್ಕ ನಡೆದು ಹೋಗುವವರೇ ನಮ್ಮನ್ನು ಹಿಂದೆ ಹಾಕುತ್ತಾರೆ, ಅಲ್ಲಿ ಇದು ಏನನ್ನು ಮುಟ್ಟುತ್ತದೆ ಎಂದು ನಾನು ಕೇಳಿದೆ. ಕೇಳಿಸಲೇ ಇಲ್ಲ ಎಂಬಂತೆ ಬಾನೆಟ್ ಒರೆಸತೊಡಗಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂದುಕೊಂಡು ಮೇಲೆ ಬಂದೆ.

ಕಾರು ನೋಡಿ ಇವರಿಗಿಂತ ಹೆಚ್ಚು ಹಿಗ್ಗಿದವರು ನನ್ನ ಅತ್ತೆ. ಅವರ ಕಥೆ ಸ್ವಲ್ಪ ಹೇಳಲೇಬೇಕು. ಧಾರವಾಡದಿಂದ ಈ ಊರಿಗೆ ಬಂದ ಮೇಲೂ ನಮ್ಮ ಮನೆಯ ರೊಟ್ಟಿ, ಪಲ್ಯ, ಹಬ್ಬ ಎಲ್ಲ ಅವರ ಕೈಯಲ್ಲೇ ಇತ್ತು. ಆಮೇಲೆ ಮೊಣಕಾಲು ಕೈಕೊಟ್ಟಿತು. ಕಾಲು ನೋಯುತ್ತದೆ ಎಂದು ಅವರು ಒಂದು ದಿನವೂ ಬಾಯಿಬಿಟ್ಟು ಹೇಳಿದವರಲ್ಲ. ಒಲೆಯ ಮುಂದೆ ಗೋಡೆ ಹಿಡಿದು ನಿಂತಿದ್ದನ್ನು ನಾನೇ ನೋಡಿ, ಜಗಳ ಮಾಡಿ, ಹೊರಗೆ ಕೂರಿಸಿದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಬಂದಾಗ ನನಗೇನೂ ಖುಷಿಯಾಗಲಿಲ್ಲ. ಸೊಪ್ಪು ಬಿಡಿಸಲು ಕೊಟ್ಟರೆ, ಇದೂ ಒಂದು ಕೆಲಸವೇ ಎಂಬಂತೆ ಮುಖ ಮಾಡುತ್ತಿದ್ದರು.

ಕೊನೆಗೆ ಉಳಿದದ್ದು ಕಾರಿನ ಮಾಲೆ. ಮಂಗಳವಾರ, ಶುಕ್ರವಾರ ಸ್ಟೇಷನ್ ಹೊರಗಿನಿಂದ ನಾನು ಚೆಂಡುಹೂವು ತರುತ್ತಿದ್ದೆ. ಅವರು ಸೂಜಿ ದಾರ ಹಿಡಿದು ಕೂತರೆ ಟೀವಿಯ ಕಡೆಗೂ ನೋಡುತ್ತಿರಲಿಲ್ಲ. ಆಮೇಲೆ ಕೋಲು ಊರಿಕೊಂಡು ಲಿಫ್ಟಿನಲ್ಲಿ ಇಳಿದು, ತಾವೇ ಬಗ್ಗಿ ಕಾರಿನ ಮೂತಿಗೆ ಮಾಲೆ ಕಟ್ಟಬೇಕು. ಇನ್ನೊಬ್ಬರು ಗಂಟು ಮುಟ್ಟುವಂತಿಲ್ಲ. ಒಣಗಿದ್ದನ್ನು ಬಿಚ್ಚುವವರೂ ಅವರೇ. ಮಗ ಸಂಜೆ ಸುಖವಾಗಿ ಮನೆಗೆ ಬಂದರೆ ಅದು ತಮ್ಮ ಕೈಗುಣ ಎಂದು ಅವರ ಲೆಕ್ಕ.

ಹಳೆಯ ಡಬ್ಬಿ ಕಾರಿಗೆ ಮುಂದೆ ಸಣ್ಣ ಸೀಳುಗಳಷ್ಟೇ ಇದ್ದವು. ಉದುರಿದ ಎಸಳು ರಸ್ತೆ ಪಾಲಾಗುತ್ತಿದ್ದವು. ಹೊಸದಕ್ಕೋ, ಎಂಜಿನ್ನಿಗೆ ಗಾಳಿ ಬೇಕೆಂದು ಈ ಕಡೆಯಿಂದ ಆ ಕಡೆಗೆ ತೆರೆದ ಬಾಯಿ, ಅದಕ್ಕೊಂದು ದೊಡ್ಡ ಕಣ್ಣಿನ ಕರಿ ಜಾಲರಿ. ಬಾಯಿ ದೊಡ್ಡದಿದೆ, ಮಾಲೆಯೂ ದೊಡ್ಡದೇ ಬೇಕು ಎಂದು ಅತ್ತೆ ಎರಡೆಳೆ ಕಟ್ಟತೊಡಗಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾರಿಗೆ ಜ್ವರ ಶುರುವಾಯಿತು. ಆಂಟಾಪ್ ಹಿಲ್‌ನಲ್ಲಿರುವ ನಾದಿನಿಯ ಮನೆಗೆ ಹೊರಟಿದ್ದೆವು. ಟ್ರಾಫಿಕ್ಕಿನಲ್ಲಿ ತೆವಳುತ್ತಿದ್ದಾಗ ಎಂಜಿನ್ ಕಾದಿದೆ ಎಂದು ಕೆಂಪು ದೀಪ ಹತ್ತಿತು, ಏಸಿ ತಾನಾಗಿ ನಿಂತಿತು. ಇವರು ಕಾರನ್ನು ಬದಿಗೆ ಹಾಕಿ ಬಾನೆಟ್ ಎತ್ತಿ ನಿಂತರು. ಹೋಗುವ ಬರುವ ರಿಕ್ಷಾದವರೆಲ್ಲ ನೀರು ಹಾಕಿ ಎಂದು ಬಿಟ್ಟಿ ಸಲಹೆ ಕೊಟ್ಟರು. ಒಳಗಿರುವುದು ಕೂಲಂಟ್, ಕಂಡ ಕಂಡ ನೀರು ಹಾಕುವಂತಿಲ್ಲ ಎಂದು ಇವರು ಒಬ್ಬೊಬ್ಬರಿಗೂ ತಿಳಿಸಿ ಹೇಳುತ್ತಿದ್ದರು. ನಾನು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಹಳೆಯ ಡಬ್ಬಿಯ ಗುಣಗಾನ ಮಾಡುತ್ತ ಕೂತಿದ್ದೆ. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಟಿತು.

ಮುಂದಿನ ವಾರ ಮತ್ತೆ ಅದೇ. ಹೆದ್ದಾರಿಯಲ್ಲಿ ಗಾಳಿಯಂತೆ ಓಡುತ್ತದೆ, ಗಾಡಿಗಳ ನಡುವೆ ಸಿಕ್ಕಿದರೆ ಕಾಯುತ್ತದೆ. ಇವರು ಸರ್ವಿಸ್ ಸೆಂಟರಿಗೆ ಒಯ್ದರು. ಅಲ್ಲಿನ ಹುಡುಗರು ನಕ್ಕಾರು ಎಂಬ ನಾಚಿಕೆಗೆ, ಗೇಟಿನ ಹೊರಗೇ ಮಾಲೆ ಬಿಚ್ಚಿ ಒಳಗೆ ಹೋಗುತ್ತಿದ್ದರಂತೆ. ಆ ಹುಡುಗರು ಫ್ಯಾನ್ ನೋಡಿದರು, ಕೂಲಂಟ್ ಬದಲಿಸಿದರು, ಎಲ್ಲ ಸರಿಯಿದೆ ಎಂದು ಕಳಿಸಿದರು.

ಇತ್ತ ಮನೆಯಲ್ಲಿ ಅತ್ತೆ ಒಂದೇ ಮಾತಿಗೆ ರೋಗ ಕಂಡುಹಿಡಿದಿದ್ದರು: ದೃಷ್ಟಿ ತಾಗಿದೆ. ಅದಕ್ಕೆ ಮದ್ದಾಗಿ ಶನಿವಾರವೂ ಒಂದು ಮಾಲೆ ಸೇರಿತು. ಕಾರು ಕಾದಷ್ಟೂ ಹೂವು ಹೆಚ್ಚಿತು, ಹೂವು ಹೆಚ್ಚಿದಷ್ಟೂ ಕಾರು ಕಾಯಿತು. ಇದು ನಮಗೆ ಯಾರಿಗೂ ಹೊಳೆಯಲಿಲ್ಲ ನೋಡಿ. ಇವರು ಕಾರು ಮಾರುವ ಮಾತೆತ್ತಿದ ದಿನ ಅತ್ತೆ ಅರ್ಧ ರೊಟ್ಟಿಗೇ ಎದ್ದರು. ತಟ್ಟೆ ಎತ್ತಲು ಹೋದವಳ ಕೈ ಹಿಡಿದು ಮೆಲ್ಲಗೆ ಕೇಳಿದರು:

"ನನ್ನ ಕೈಗುಣ ಹೋತೇನ ಯವ್ವಾ? ಮೊದಲಿನ ಗಾಡಿ ಒಂದ ದಿನಾನೂ ಕೈ ಕೊಟ್ಟಿರಲಿಲ್ಲ."

ಹಾಗೇನೂ ಇಲ್ಲ ಎಂದು ಗದರಿದೆ. ಆದರೆ ಆ ಮುದುಕಿಯ ಮುಖ ನೋಡಿದರೇ ಗೊತ್ತಾಗುತ್ತಿತ್ತು: ಇರುವ ಒಂದೇ ಕೆಲಸದಲ್ಲೂ ತಾನು ಸೋತೆ ಎಂದು ಅವರಿಗೆ ಅನ್ನಿಸಿತ್ತು. ಮಾರುವ ಮೊದಲು ಇನ್ನೊಂದು ಕಡೆ ತೋರಿಸಿ ಎಂದು ನಾನೇ ಇವರ ಬೆನ್ನು ಹತ್ತಿದೆ. ನಮ್ಮ ಸ್ಟೇಷನ್ ಹತ್ತಿರದ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಮುಂದಿನ ಬಂಪರನ್ನೇ ಕಳಚಿದ.

ಅದರೊಳಗೆ ಒಂದರ ಹಿಂದೆ ಒಂದು ತೆಳ್ಳಗಿನ ರೇಡಿಯೇಟರುಗಳು ನಿಂತಿದ್ದವು: ಒಂದು ಏಸಿಗೆ, ಒಂದು ಟರ್ಬೊಗೆ, ಹಿಂದಿನದು ಎಂಜಿನ್ನಿಗೆ. ಅವುಗಳ ಸಂದಿಯಲ್ಲಿ ಅಷ್ಟೂ ವಾರಗಳ ಚೆಂಡುಹೂವಿನ ಎಸಳು ಮಳೆಯಲ್ಲಿ ನೆನೆದು, ಬಿಸಿಗೆ ಒಣಗಿ, ಹಪ್ಪಳದಂತೆ ಗಟ್ಟಿಯಾಗಿ ಕೂತಿದ್ದವು. ಗಾಳಿ ನುಗ್ಗಲು ದಾರಿಯೇ ಇರಲಿಲ್ಲ. ಮೆಕ್ಯಾನಿಕ್ ಒಂದು ಹಿಡಿ ಕಿತ್ತು ಮೂಸಿ ನೋಡಿ, "ಸಾಬ್, ಇಸ್ಕೆ ಅಂದರ್ ಮಂದಿರ್ ಹೈ ಕ್ಯಾ?" ಅಂದ.

ಕಾರಿನೊಳಗೆ ಗುಡಿಯೇ ಎಂದು ನಾನು ನಕ್ಕೆ. ನಿಲ್ಲಿಸಲಾಗದೆ ಅಲ್ಲಿದ್ದ ಟೈರಿನ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕೆ. ಇವರು ನಗಲಿಲ್ಲ. ಒಣ ಎಸಳಿನ ನಡುವೆ ಸಿಕ್ಕಿದ್ದ ಬಿಳಿ ದಾರದ ತುಂಡನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು. ಮನೆಗೆ ಹೋಗಿ ಅತ್ತೆಗೆ ಇದ್ದದ್ದನ್ನು ಇದ್ದಂತೆ ಹೇಳಿ, ನಾಳೆಯಿಂದ ಮಾಲೆ ಬೇಡ ಎನ್ನಿ ಎಂದೆ. ನಾನು ಹಾಗೇ, ಮನಸ್ಸಿಗೆ ಬಂದದ್ದು ಬಾಯಲ್ಲಿ ನಿಲ್ಲುವುದಿಲ್ಲ.

"ಹೇಳಿದರ ಅವ್ವ ಸೂಜಿ ದಾರ ಎತ್ತಿ ಇಟ್ಟಬಿಡ್ತಾಳ," ಅಂದರು. "ಆಮ್ಯಾಲೆ ಆಕಿ ಏನ್ ಮಾಡ್ಬೇಕು, ನೀನ ಹೇಳು."

ನಾನು ಟೈರಿನ ಮೇಲಿಂದ ಎದ್ದು ಸೀರೆ ಕೊಡವಿಕೊಂಡೆ.

ಬಾಗಿಲಲ್ಲೇ ಕಾಯುತ್ತಿದ್ದ ತಾಯಿಗೆ, ಫ್ಯಾನಿನಲ್ಲಿ ಒಂದು ಕಲ್ಲು ಸಿಕ್ಕಿತ್ತು, ನಿನ್ನ ಮಾಲೆ ಇತ್ತೆಂದೇ ಅಷ್ಟಕ್ಕೆ ಉಳಿಯಿತು ಎಂದು ಇವರು ಒಪ್ಪುವಂತೆ ಸುಳ್ಳು ಹೇಳಿದರು. ಅತ್ತೆ ಆ ದಿನ ಎರಡು ರೊಟ್ಟಿ ತಿಂದರು. ಕಾರು ಉಳಿಯಿತು, ಮಾಲೆಯೂ ಉಳಿಯಿತು. ಇವರು ಮಾತ್ರ ಮಾಲೆಯೊಂದಿಗೆ ಹೊರಟು, ಗೇಟು ದಾಟಿ ಮೆಡಿಕಲ್ ಅಂಗಡಿಯ ಮೂಲೆಯಲ್ಲಿ ನಿಲ್ಲಿಸಿ, ಅದನ್ನು ಬಿಚ್ಚಿ ಹಿಂದಿನ ಸೀಟಿನಲ್ಲಿ ಇಡುವರು. ಸಂಜೆ ಅದೇ ಮೂಲೆಯಲ್ಲಿ ಇಳಿದು, ಅವ್ವನ ಗಂಟನ್ನೇ ಹೋಲುವಂತೆ ಮತ್ತೆ ಕಟ್ಟಿಕೊಂಡು ಒಳಗೆ ಬರುವರು. ಕಚೇರಿಯ ಬಟ್ಟೆಯಲ್ಲಿ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತ ಆ ಮನುಷ್ಯನನ್ನು ತರಕಾರಿ ಚೀಲ ಹಿಡಿದು ಬರುವಾಗ ಒಮ್ಮೆ ನೋಡಿದೆ. ಇಷ್ಟು ವರ್ಷ ಸಂಸಾರ ಮಾಡಿಯೂ ಅವರ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಕಡಿಮೆಯೇ.

ದೀಪಾವಳಿಗೆ ಮುಂಚಿನ ಶುಕ್ರವಾರ, ಅತ್ತೆಯ ಜೊತೆ ನಾನೂ ಕೆಳಗಿಳಿದೆ. ಬಾಡಿದ ಮಾಲೆ ಬಿಚ್ಚಲು ಅವರು ಬಗ್ಗಿದರು. ಗಂಟಿನ ಮೇಲೆ ಬೆರಳು ನಿಂತಿತು.

"ಇದು ನನ್ನ ಗಂಟಲ್ಲ," ಅಂದರು.

ನಾನು ಗೋಡೆ ನೋಡಿದೆ. ಅವರು ಜಾಲರಿಯ ಕಣ್ಣಿಗೆ ಬೆರಳು ತೂರಿಸಿ, ಒಳಗೆ ಬಿದ್ದಿದ್ದ ಒಂದೆರಡು ಎಸಳು ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. ಕಲ್ಲಲ್ಲ, ಹೂವಿನಿಂದಲೇ ಆಯಿತೇ ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಅಳಬಹುದೆಂದು ಭುಜ ಹಿಡಿಯಲು ಹೋದರೆ, ಕೈ ಸರಿಸಿ ನೆಟ್ಟಗೆ ನಿಂತರು.

"ಹಂಗಾರ ಕೈಗುಣ ನೆಟ್ಟಗೈತಿ. ಜಾಗ ತಪ್ಪಿತ್ತು, ಅಷ್ಟ."

ಕೋಲೂರಿ ಹಿಂದಕ್ಕೆ ನಡೆದರು. ಡಿಕ್ಕಿಯ ಮೇಲೆ ರೆಕ್ಕೆಯಂಥದ್ದೊಂದು ಇದೆ, ವೇಗದ ಕಾರುಗಳಿಗೆ ಇರುತ್ತದಂತೆ. ಹೊಸ ಮಾಲೆಯನ್ನು ಅದಕ್ಕೆ ಬಿಗಿಯಾಗಿ ಕಟ್ಟಿದರು. ಅಷ್ಟರಲ್ಲಿ ಇವರು ಕೀಲಿಕೈ ಆಡಿಸುತ್ತ ಲಿಫ್ಟಿನಿಂದ ಬಂದು, ಮಾಲೆ ಹಿಂದಿರುವುದನ್ನು ಕಂಡು ತಬ್ಬಿಬ್ಬಾದರು. ಅತ್ತೆ ಮೊಣಕಾಲು ಸವರಿಕೊಂಡರು.

"ಮುಂದ ಬಗ್ಗಾಕ ಆಗವಲ್ದೋ ತಮ್ಮಾ, ಕಾಲು ಭಾಳ ನೋಯ್ತಾವು. ಇನ್ನ ಮ್ಯಾಲ ಇಲ್ಲೇ ಕಟ್ಟತೀನಿ, ನಡೀತೈತೇನ?"

ಜೀವಮಾನದಲ್ಲಿ ಮೊದಲ ಸಲ ಕಾಲು ನೋವೆಂದರು.

ಕಾರು ಗೇಟು ದಾಟಿ, ಮೆಡಿಕಲ್ ಅಂಗಡಿಯ ಮೂಲೆಯಲ್ಲಿ ನಿಲ್ಲದೆ ಹೋಯಿತು. ಸಂಜೆ ಇವರು ಅಡುಗೆಮನೆಗೆ ಬಂದು, ಅವ್ವನಿಗೆ ಕೊನೆಗೂ ಏನೂ ಗೊತ್ತಾಗಲಿಲ್ಲ ನೋಡು ಎಂದು ಪಿಸುಗುಟ್ಟಿದರು. ಹೊರಗೆ ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು.

"ಹೌದ್ರಿ," ಅಂದೆ. "ಏನೂ ಗೊತ್ತಾಗಲಿಲ್ಲ."