ಇಪ್ಪತ್ಮೂರನೇ ದಿನದ ಚಹಾ

ಇಪ್ಪತ್ಮೂರನೇ ದಿನ ನಾನು ಒಂದು ಕಪ್ ಚಹಾ ಬೇಡ ಅಂದೆ. ಇಪ್ಪತ್ನಾಲ್ಕನೇ ದಿನ ಬಸ್ಸಿನಲ್ಲಿ ನನ್ನ ಸೀಟಿನ ಮೇಲೆ ಬೇರೆ ಯಾರೋ ಕೂತಿದ್ದರು.

‘ನನ್ನ ಸೀಟು’ ಅಂದರೆ ಸರ್ಕಾರ ಬರೆದುಕೊಟ್ಟದ್ದಲ್ಲ. ಗೆಳತಿ ಅಂಬಿಕಾ ಮನ್ನಾಏಖೇಳ್ಳಿಯಲ್ಲಿ ಹತ್ತಿ, ಪಕ್ಕದ ಸೀಟಿಗೆ ಬ್ಯಾಗ್ ಒಗೆದು, ಕೇಳಿದವರ ಜೊತೆಗೆಲ್ಲ ಜಗಳಾಡಿ ಅದನ್ನು ಕಾಯುತ್ತಾಳೆ. ಹುಮನಾಬಾದಿನಲ್ಲಿ ನಾನು ಹತ್ತಿ ಕೂರುತ್ತೇನೆ. ಅಲ್ಲಿಂದ ಬಸವಕಲ್ಯಾಣದ ಕಾಲೇಜಿನವರೆಗೆ ಇಬ್ಬರ ಬಾಯಿಗೂ ಬಿಡುವಿಲ್ಲ. ಎರಡು ವರ್ಷದಲ್ಲಿ, ಆಕೆ ಬಾರದ ಹನ್ನೊಂದು ದಿನ ಬಿಟ್ಟರೆ, ನಾನು ನಿಂತು ಹೋದದ್ದಿಲ್ಲ. (ಡೈರಿಯಲ್ಲಿದೆ. ನಾನು ಎಣಿಸುವವಳು ಅಂತ ನಿಮಗೆ ಹೊಸದಾಗಿ ಹೇಳಬೇಕೇ?)

ಈಗ ಚಹಾದ ವಿಷಯ. ಈಸ್ಟರ್‌ಗೆ ಮುಂಚಿನ ನಲವತ್ತು ದಿನ ನಾವು ಕ್ರೈಸ್ತರು ಇಷ್ಟವಾದ ಏನನ್ನಾದರೂ ಬಿಡುತ್ತೇವೆ. ಅಪ್ಪ ಮಟನ್ ಬಿಟ್ಟರು. ಅಣ್ಣ ಹಾಗಲಕಾಯಿ ಬಿಟ್ಟ. (ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.) ದಿನಕ್ಕೆ ಐದು ಕಪ್ ಕುಡಿಯುವ ನಾನು ಚಹಾ ಬಿಟ್ಟೆ. ಡೈರಿಯಲ್ಲಿ ನಲವತ್ತು ಚೌಕ, ದಿನಕ್ಕೊಂದು ಟಿಕ್. ಭಾನುವಾರಗಳು ನಲವತ್ತರಲ್ಲಿ ಬರುವುದಿಲ್ಲ. ಆದರೂ ಆ ರಿಯಾಯಿತಿ ಬಳಸಲಿಲ್ಲ. ಜಂಬವೇ? ಹೌದು, ಸ್ವಲ್ಪ ಇತ್ತು.

ಉಪವಾಸವನ್ನು ಜನರೆದುರು ಸಾರಬಾರದು, ಗುಟ್ಟಾಗಿರಬೇಕು ಅನ್ನುವುದು ಚರ್ಚಿನಲ್ಲಿ ಚಿಕ್ಕಂದಿನಿಂದ ಕೇಳಿದ ಪಾಠ. ಹಾಗಾಗಿ ಅಂಬಿಕಾಗೂ ಹೇಳಿರಲಿಲ್ಲ. ಕ್ಯಾಂಟೀನಿನ ಹೊತ್ತಿಗೆ ಲೈಬ್ರರಿಯಲ್ಲಿ ಅಡಗುತ್ತಿದ್ದೆ.

ಇಪ್ಪತ್ಮೂರನೇ ದಿನ, ಸೋಮವಾರ, ಆಕೆ ಮೊದಲ ಸಲ ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಕುರಿ ಸಾಕುವವರ ಮನೆ. ಅಂಗಳದ ತುಂಬ ಮರಿಗಳು. ಹಗ್ಗದ ಹೊರಸಿನ ಮೇಲೆ ಅವಳ ಅಜ್ಜಿ. ಮನೆಯಲ್ಲಿ ಎಲ್ಲರೂ ಅವರಿಗೆ ‘ಆಯಿ’ ಅನ್ನುತ್ತಾರೆ. ಅಂಬಿಕಾಳ ತಾಯಿ ಹೂವಿನ ಚಿತ್ರದ ಕಪ್ಪಿನಲ್ಲಿ ಚಹಾ ತಂದರು.

‘ತಗೋ ಬೇ, ಆಡಿನ ಹಾಲಿಂದ ಮಾಡೀನಿ.’

‘ಬ್ಯಾಡ್ರಿ ಕಾಕು.’

‘ಯಾಕ? ಅರ್ಧಾ ಕಪ್ಪರೆ ತಗೋ.’

‘ಬ್ಯಾಡ್ರಿ, ನಾ ಕುಡಿಯಂಗಿಲ್ರಿ.’

ಕಾಕುವಿನ ಕೈ ಗಾಳಿಯಲ್ಲೇ ನಿಂತಿತು. ಹೊರಸಿನ ಮೇಲಿಂದ ಆಯಿ ನಕ್ಕರು: ‘ನಾ ಹೇಳಿದ್ದಿಲ್ಲೇನ? ಆಕಿಗೇ ಗೊತ್ತದ.’

ನನಗೇನೂ ತಿಳಿಯಲಿಲ್ಲ. ಮನೆಗೆ ಬಂದು ಟಿಕ್ ಹಾಕಿದೆ.

ಮರುದಿನ ಸೀಟು ಹೋಯಿತು. ಅದರ ಮರುದಿನ ಕಾಲೇಜಿನ ನಲ್ಲಿಯ ಹತ್ತಿರ ಅವಳನ್ನು ಅಡ್ಡಗಟ್ಟಿದೆ.

‘ದಿನಾ ಐದು ಕಪ್ ಕುಡಿತಿ,’ ಅಂದಳು. ‘ನಮ್ಮ ಮನ್ಯಾಗಿನ ಒಂದು ಕಪ್ ನಿನ್ನ ಗಂಟಲದಾಗ ಇಳೀಲಿಲ್ಲ, ಹೌದಿಲ್ಲೋ?’

ಆಮೇಲೆ ಹೇಳಿದಳು. ಅವರ ಹೊರಬಾಗಿಲ ಪಕ್ಕದ ಗೂಡಿನಲ್ಲಿ ಹಿಡಿ ಮುರಿದ ಒಂದು ಕಪ್ ಇದೆ. ನಮ್ಮ ಜಾತಿಯ ಓಣಿಯವರು ಬಂದರೆ ಅದರಲ್ಲೇ ಕೊಡಬೇಕು, ಆಯಿಯ ಕಾನೂನು. (ನಮ್ಮ ಅಜ್ಜ ಚರ್ಚಿಗೆ ಸೇರಿದರು, ಹೆಸರು ಬದಲಾಯಿತು. ಊರು ಮಾತ್ರ ಓಣಿಯನ್ನು ಮರೆಯಲಿಲ್ಲ.) ಅಂಬಿಕಾ ಎರಡು ವರ್ಷ ಮನೆಯಲ್ಲಿ ಜಗಳಾಡಿದ್ದಳು. ಅದಕ್ಕೇ ಅಲ್ಲಿಯವರೆಗೆ ನನ್ನನ್ನು ಕರೆದಿರಲಿಲ್ಲ.

‘ನಮ್ಮವ್ವ ಅತ್ತಿ ಎದುರು ನಿಂತಿದ್ದು ಅದೊಂದೇ ದಿನ. ಆಯಿ ಮುಂದೇ ಹಬ್ಬದ ಹೂವಿನ ಕಪ್ ತಗದ್ಳು. ನೀ ಬ್ಯಾಡ ಅಂದಿ. ಈಗ ಆಯಿ ದಿನಾ ಅವ್ವಗ ಚುಚ್ಚಾಕತ್ತಾಳ.’

ನಾನು ನಲವತ್ತು ಚೌಕದ ಕಥೆ ಹೇಳಿದೆ.

‘ಹುಚ್ಚಿ! ಅಲ್ಲೇ ಹೇಳಬಾರ್ದೇನ?’

‘ಗುಟ್ಟಾಗಿ ಇರಬೇಕು ಅಂತದ.’

‘ದೇವರಿಗೆ ಮೊದಲೇ ಗೊತ್ತಿತ್ತು. ನಮ್ಮವ್ವಗ ಗೊತ್ತಿದ್ದಿಲ್ಲಲ್ಲ?’

ಆಮೇಲೆ ಅವಳೇ ಕರಗಿ, ‘ಹೋಗ್ಲಿ, ಹಬ್ಬ ಆದ ಮ್ಯಾಲ ಬಾ’ ಅಂದಳು. ಹಬ್ಬಕ್ಕೆ ಇನ್ನೂ ಎರಡು ವಾರದ ಮೇಲಿತ್ತು. ಅಷ್ಟು ದಿನ ಕಾಕು ಆಯಿಯ ಮಾತು ತಿನ್ನುತ್ತಿರಬೇಕು, ನಾನು ಟಿಕ್ ಹಾಕುತ್ತಿರಬೇಕು. ಇದೆಂಥ ಉಪವಾಸ?

ಇಪ್ಪತ್ತಾರನೇ ದಿನ ಸಂಜೆ ಹುಮನಾಬಾದಿನಲ್ಲಿ ಇಳಿಯಲಿಲ್ಲ. ಸೀದಾ ಅವರ ಅಂಗಳಕ್ಕೆ ಹೋಗಿ, ಕರೆಯದೇ ಕೂತೆ.

‘ಕಾಕು, ಚಹಾ ಕೊಡ್ರಿ.’

ಆಯಿ ಹುಬ್ಬೇರಿಸಿದರು. ‘ಮೊನ್ನೆ ಬ್ಯಾಡ ಅಂದಿ?’

‘ಉಪವಾಸ ಇತ್ರಿ ಆಯಿ. ಚಹಾ ಬಿಟ್ಟಿದ್ದೆ. ಇವತ್ತ ಮುರದೀನಿ.’

‘ಚಹಾ ಬ್ಯಾಡ ಅನ್ನೋ ದೇವರು ಯಾವುದು ಬೇ? ಅವತ್ತ ಸೋಮವಾರ, ನಂದೂ ಒಪ್ಪತ್ತಿತ್ತು. ಎರಡು ಕಪ್ ಕುಡದಿದ್ದೆ!’

ಅಂಬಿಕಾ ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡಳು. ಕಾಕು ಹೂವಿನ ಕಪ್ಪನ್ನೇ ತಂದರು. ಸಕ್ಕರೆ ಜಾಸ್ತಿ, ಶುಂಠಿ ಇನ್ನೂ ಜಾಸ್ತಿ. ಕೊನೆಯ ಹನಿಯವರೆಗೂ ಕುಡಿದೆ.

ಕುಡಿದವಳೇ ಕಪ್ ತೊಳೆಯಲು ಎದ್ದೆ. ಇಂಥ ಮನೆಗಳಲ್ಲಿ ಕುಡಿದ ಕಪ್ಪನ್ನು ನಾವೇ ತೊಳೆದು ಬೋರಲು ಹಾಕಬೇಕು. ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೈಗೆ ಅದು ಹೇಗೆ ಗೊತ್ತಿತ್ತೋ! ಕಾಕು ಕಪ್ ಕಸಿದುಕೊಂಡು ಒಳಗೆ ಹೋಗಿ ಆಯಿಯ ಎಂಜಲು ಲೋಟ ಇದ್ದ ಬುಟ್ಟಿಯಲ್ಲೇ ಇಟ್ಟರು. ಸದ್ದಾಗುವಂತೆ ಇಟ್ಟರು. ಆಯಿ ಕುರಿಮರಿಯನ್ನು ಬೈದರು, ಅಷ್ಟೇ.

ಮರುದಿನ ನನ್ನ ಸೀಟಿನ ಮೇಲೆ ಬ್ಯಾಗ್ ಇತ್ತು.

ಈಸ್ಟರ್ ಬೆಳಿಗ್ಗೆ ಅಪ್ಪ ಡೈರಿ ನೋಡಿ, ‘ಮೂವತ್ತೊಂಬತ್ತು ಟಿಕ್. ಇಪ್ಪತ್ತಾರನೇ ದಿನ ತಪ್ಪಿತಲ್ಲ?’ ಅಂದರು. ‘ಇಲ್ಲ ಪಪ್ಪಾ,’ ಅಂದೆ, ‘ತಪ್ಪಿದ್ದು ಇಪ್ಪತ್ಮೂರನೇ ದಿನ.’

ಮಧ್ಯಾಹ್ನ ಕೇಕ್ ಕೊಡಲು ಅಂಬಿಕಾಳ ಮನೆಗೆ ಹೋದೆ. ಹಿಡಿ ಮುರಿದ ಕಪ್ ಗೂಡಿನಲ್ಲೇ ಇತ್ತು, ತೊಳೆದು ಬೋರಲು ಹಾಕಿತ್ತು. ನನಗಂತೂ ಇನ್ನು ಅದು ಬೇಕಿಲ್ಲ. ಹಾಗಾದರೆ ಇನ್ನು ಯಾರಿಗೆ?