ಚಪ್ಪಲಿಯ ಸುತ್ತ ಅಲೆಗಳು

ಗಲ್ಫಿನ ಬುದಯ್ಯ ಎಂಬ ಊರಿನಲ್ಲಿ ನಮ್ಮ ನೆರೆಮನೆಯ ಸಾಹೇಬರು ಜಪಾನಿನ ತೋಟಗಳನ್ನು ನೋಡಿ ಬಂದವರೇ ಬಾಗಿಲ ಮುಂದೆ ಬಿಳಿ ಜಲ್ಲಿ ಹಾಸಿದರು. ದಿನವೂ ಬೆಳಿಗ್ಗೆ ಹಲ್ಲುಕುಂಟೆಯಿಂದ ಅದರ ಮೇಲೆ ಅಲೆಗಳನ್ನು ಎಳೆಯುತ್ತಿದ್ದರು. "ಇದು ನೀರು ಮಾರಾಯ್ರೆ, ಕೂತು ನೋಡ್ಲಿಕ್ಕೆ," ಎಂಬುದು ಅವರ ಖಾಯಂ ಮಾತು. ನಮಗೆ ನಗು.

ಒಮ್ಮೆ ಇಫ್ತಾರಿಗೆ ಕರೆದರು. ಮಸೀದಿಯ ಬಾಂಗ್ ಕೇಳಿದ್ದೇ ತಡ, ಮನೆಯೊಳಗೆ ಚಪ್ಪಲಿ ಒಯ್ಯಬಾರದೆಂಬ ಮರ್ಯಾದೆಯಿಂದ, ಎಲ್ಲರೂ ಆ ನೀರಿನ ಮೇಲೆಯೇ ಚಪ್ಪಲಿ ಕಳಚಿ ಒಳನುಗ್ಗಿದೆವು.

ಉಂಡು ಹೊರಬಂದರೆ ಸಾಹೇಬರು ಜಲ್ಲಿಯ ಅಂಚಿನಲ್ಲಿ ಕುಂಟೆ ಹಿಡಿದು ನಿಂತಿದ್ದರು. ಒಂದು ಚಪ್ಪಲಿಯನ್ನೂ ಸರಿಸದೆ, ಪ್ರತಿ ಜೊತೆಯ ಸುತ್ತಲೂ ಉಂಗುರದಂತೆ ಗೆರೆ ಎಳೆದಿದ್ದರು.

"ಜಪಾನಿನಲ್ಲಿ ಕಲ್ಲಿನ ಸುತ್ತ ಹೀಗೇ ಎಳೀತಾರೆ," ಎಂದರು ಖುಷಿಯಿಂದಲೇ. "ಬನ್ನಿ, ಹಾಕ್ಕೊಳ್ಳಿ."

ಆ ಗೆರೆಗಳನ್ನು ತುಳಿಯಲಾರದೆ ನಾವು ತಲೆ ತಗ್ಗಿಸಿ ಮೆಟ್ಟಿಲ ಮೇಲೆಯೇ ನಿಂತೆವು. ಹಿಮ್ಮಡಿ ಸವೆದ ನನ್ನ ಚಪ್ಪಲಿ ನಟ್ಟನಡುವೆ ಇತ್ತು.