ದಿಲ್ಲಿಯ ಸಾವು, ನಮ್ಮ ಮನೆಯ ಸುದ್ದಿ

ನಲವತ್ತೆಂಟರ ಜನವರಿಯ ಕೊನೆಗೆ ದಿಲ್ಲಿಯಲ್ಲಿ ಮಹಾತ್ಮನಿಗೆ ಗುಂಡು ಹಾಕಿದ ಸುದ್ದಿಯನ್ನು ಯಲಬುರ್ಗಾ ಸೀಮೆಯ ನಮ್ಮ ಹಳ್ಳಿ ಮಂಗಳೂರಿಗೆ ತಂದವನು ನಾನೇ. ಕೊಪ್ಪಳ ಸ್ಟೇಷನ್ನಿನ ರೇಡಿಯೋದಲ್ಲಿ ಕೇಳಿದೆ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಅಲ್ಲಿ ಆಗ ರೇಡಿಯೋ ಇತ್ತೆಂದು ಈಗ ನಂಬಿಕೆಯಿಲ್ಲ. ಹುಬ್ಬಳ್ಳಿ ಗಾಡಿಯಿಂದ ಇಳಿದವರಾರೋ ಹೇಳಿರಬೇಕು.

ಮನೆಯಲ್ಲಿ ಅವ್ವ ಒಬ್ಬಳೇ ಇದ್ದಳು. ನಮ್ಮ ಸೀಮೆ ಆಗಿನ್ನೂ ನಿಜಾಮನ ಕೈಯಲ್ಲಿತ್ತು. ಅಣ್ಣ ಅವನ ವಿರುದ್ಧ ಎದ್ದವರ ಜೊತೆ ಗಡಿಯಾಚೆ, ಗಜೇಂದ್ರಗಡದ ಕಡೆಯ ಕ್ಯಾಂಪು ಸೇರಿದ್ದ. ಒಂದು ತಿಂಗಳಿಂದ ಅವನ ಸುದ್ದಿ ಇರಲಿಲ್ಲ.

ನನ್ನ ಮಾತು ಕೇಳಿ ಅವ್ವ ಒಲೆ ಆರಿಸಿದಳು. ಹಿತ್ತಲಿಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಗೆ ನೀರು ಸುರಿದುಕೊಂಡಳು. ಬಳಗದವರು ಸತ್ತ ಸುದ್ದಿ ಬಂದರೆ ನಮ್ಮಲ್ಲಿ ಹಾಗೆ ಮಾಡುತ್ತಾರೆ. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದಿದ್ದ ನನಗೆ ನಗು ಬಂತೋ ಮುಜುಗರವಾಯಿತೋ, ಹೇಳಲಾರೆ.

ಒದ್ದೆ ತಲೆಯನ್ನೂ ಆರಿದ ಒಲೆಯನ್ನೂ ಕಂಡ ಪಕ್ಕದ ಮನೆಯ ದೊಡ್ಡವ್ವ ಎದೆ ಬಡಿದುಕೊಳ್ಳುತ್ತ ಬಂದಳು. "ಹೋದ್ಯೇನೋ ನನ್ನ ಕೂಸೇ!"

"ಯಕ್ಕಾ, ಬಿಡ್ತು ಅನ್ನು. ನನ್ನ ಮಗಗ ಏನೂ ಆಗಿಲ್ಲ. ಹೋದಾವ್ರು ದಿಲ್ಲ್ಯಾಗಿನ ಮಹಾತ್ಮ," ಎಂದಳು ಅವ್ವ.

ದೊಡ್ಡವ್ವನ ಅಳು ಗಕ್ಕನೆ ನಿಂತಿತು. "ದಿಲ್ಲಿ ಮುದುಕಗ ನೀ ನೀರು ಹಾಕ್ಕೊಂಡಿ? ಆವ ನಿನಗ ಬೀಗನೇನು?" ಎಂದವಳು ನನ್ನ ಕಡೆ ತಿರುಗಿದಳು. "ಸುದ್ದಿ ತಂದಾವ ಇವನ? ಹಂಗಾದ್ರ ಇವನ್ನ ಸರಿಯಾಗಿ ಕೇಳವ್ವ."

ನಮ್ಮ ಕಡೆ ಮನೆಯವರ ಸಾವನ್ನು ಯಾರೂ ನೇರ ಹೇಳುವುದಿಲ್ಲ. ಮೊದಲು ಬೇರೆ ಯಾರದೋ ಸಾವು ಹೇಳುತ್ತಾರೆ. ಕೇಳಿದವರು ಅತ್ತು ಕೊಂಚ ಹದಕ್ಕೆ ಬಂದ ಮೇಲೆ ನಿಜವಾದ ಹೆಸರು ಹೊರಡುತ್ತದೆ. ಅಪ್ಪ ಹನುಮಸಾಗರದಲ್ಲಿ ತೀರಿಕೊಂಡಾಗ ಅವ್ವನಿಗೆ ಮೊದಲು ಹೇಳಿದ್ದು ಎತ್ತು ಸತ್ತಿತೆಂದು.

ಅವ್ವ ನನ್ನ ಎರಡೂ ತೋಳು ಹಿಡಿದಳು. "ಖರೇ ಹೇಳು. ದಿಲ್ಲಿ ಮಾತು ಮುಂದಿಟ್ಟು ಯಾರನ್ನ ಮುಚ್ಚಾಕತ್ತಿ?"

"ನಿನ್ನಾಣಿ ಯವ್ವಾ, ಸತ್ತಾವ್ರು ಅವರ."

"ಎತ್ತು ಸತ್ತೈತಿ ಅಂದಾಗೂ ಹಿಂಗ ಆಣಿ ಮಾಡಿದ್ರು."

ನಾನು ಕಲಿತ ತರ್ಕವೆಲ್ಲ ಅಲ್ಲಿಗೆ ಮುಗಿಯಿತು. ಮರುದಿನ ನಸುಕಿನಲ್ಲೇ ಕ್ಯಾಂಪಿಗೆ ನಡೆದು ಹೊರಟೆ. ಅಣ್ಣನನ್ನು ಕರೆತರಬೇಕು, ಆಗದಿದ್ದರೆ ಅವನು ಆಡಿದ ಒಂದು ಮಾತನ್ನಾದರೂ.

ಅಲ್ಲಿ ಎಲ್ಲರೂ ಉಪವಾಸ ಕೂತಿದ್ದರು. ಅಣ್ಣನ ಹೆಸರು ಹೇಳಿದೊಡನೆ ಬಾಗಿಲಲ್ಲಿದ್ದವನು ಎದ್ದು ಬಂದು ತಗ್ಗಿದ ದನಿಯಲ್ಲಿ ಹೇಳಿದ: "ನಿಮ್ಮಣ್ಣನ ಕೂಡಿ ನಾಲ್ಕು ಮಂದಿ ಕುಷ್ಟಗಿ ಕಡೆ ಹೋಗಿದ್ರು ನೋಡ್ರಿ. ಇಬ್ಬರು ಹೊಳ್ಳಿ ಬಂದ್ರು."

"ನಮ್ಮಣ್ಣ?"

"ಬಂದವರಾಗ ಅವರಿಲ್ರಿ. ಕೂಡ್ರಿ, ಪ್ರಾರ್ಥನಾ ಶುರು ಆಗತೈತಿ."

ಕೂತೆ. ಇಡೀ ದೇಶ ಅಳುತ್ತಿದ್ದ ಮನುಷ್ಯನ ಬಗ್ಗೆ ಆ ಹೊತ್ತಿನಲ್ಲಿ ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

ಊರಿಗೆ ಮರಳಿದಾಗ ಅವ್ವ ಊರ ಅಗಸಿ ಬಾಗಿಲವರೆಗೆ ಬಂದು ನಿಂತಿದ್ದಳು.

"ಕಂಡನೇನು?"

"ಕಂಡ. ಛಲೋ ಅದಾನ."

"ಸೊರಗ್ಯಾನ?"

"ಒಂಚೂರು."

"ಗಡ್ಡ ಬಿಟ್ಟಾನೇನು?"

"ಹೂಂ, ಬಿಟ್ಟಾನ."

"ನಕ್ಕನ?"

"ನಕ್ಕ."

ಅವಳು ನಂಬಿದಳೋ, ನಂಬಿದಂತೆ ಇದ್ದಳೋ ತಿಳಿಯದು. ನಿಜಾಮನ ಆಳ್ವಿಕೆ ಮುಗಿಯಿತು, ಕ್ಯಾಂಪುಗಳು ಮುಚ್ಚಿದವು, ಅಣ್ಣ ಬರಲಿಲ್ಲ. ಆದರೂ ಅವಳು ಕೇಳುವುದನ್ನು ಬಿಡಲಿಲ್ಲ. ಯಾವ ಅಂಗಿ ತೊಟ್ಟಿದ್ದ, ರೊಟ್ಟಿ ಎಷ್ಟು ತಿಂದ, ತನ್ನನ್ನು ಕೇಳಿದನೇ. ಕೇಳಿದಷ್ಟಕ್ಕೂ ನಾನು ಉತ್ತರ ಕೊಟ್ಟೆ, ಅವಳು ತೀರಿಕೊಳ್ಳುವವರೆಗೆ.

ಪ್ರತಿ ವರ್ಷ ಜನವರಿಯ ಆ ದಿನ ಎಲ್ಲರ ಜೊತೆ ಎರಡು ನಿಮಿಷ ಮೌನವಾಗಿ ನಿಲ್ಲುತ್ತೇನೆ. ಮಹಾತ್ಮನ ಮುಖ ನೆನಪಿಗೆ ತಂದುಕೊಳ್ಳಲು ನೋಡುತ್ತೇನೆ, ಗಡ್ಡ ಬಿಟ್ಟ ಅಣ್ಣ ಬರುತ್ತಾನೆ. ಆ ಗಡ್ಡ ನಾನು ಕೊಟ್ಟದ್ದು. ಅದಿಲ್ಲದ ಅವನ ಮುಖ ಹೇಗಿತ್ತೆಂದು ಎಷ್ಟು ತಡಕಿದರೂ ಸಿಗುವುದಿಲ್ಲ.